ಗೆದ್ದವನ ಕಡೆಗೇ ದೇವನಿದ್ದನೇ?

ಮಲ್ಲಂದೂರು ಎಂಬ ಹೆಸರು ಶಾಲಾ ಪುಸ್ತಕದ ಯುದ್ಧಗಳ ಪಟ್ಟಿಯಲ್ಲಿಲ್ಲ. ಆದರೂ ಇತಿಹಾಸದ ಯುದ್ಧಗಳು ಈ ಗಿರಿಸೀಮೆಯ ಜನರಾದ ನಮ್ಮನ್ನು ಬಿಟ್ಟಿಲ್ಲ. ನೂರಾರು ವರ್ಷಗಳ ಹಿಂದೆ ಯಾರೋ ಗೆದ್ದದ್ದಕ್ಕೆ ಇಂದು ಒಬ್ಬರು ಎದೆಯುಬ್ಬಿಸುತ್ತಾರೆ. ಯಾರೋ ಸೋತದ್ದಕ್ಕೆ ಇನ್ನೊಬ್ಬರು ಪಕ್ಕದ ಮನೆಯವನತ್ತ ಕಣ್ಣು ಕೆಂಪು ಮಾಡುತ್ತಾರೆ. ಬಾಬಾಬುಡನ್‌ಗಿರಿಯ ವಿವಾದ ಕಾವೇರಿದ ದಿನಗಳಲ್ಲಿ ಇದನ್ನು ನಾವೆಲ್ಲ ಕಂಡಿದ್ದೇವೆ. ಎರಡೂ ಕಡೆಯವರ ಮಾತಿನ ತಳದಲ್ಲಿರುವ ನಂಬಿಕೆ ಮಾತ್ರ ಒಂದೇ: ರಣರಂಗವೆಂದರೆ ದೇವರ ನ್ಯಾಯಾಲಯ, ಗೆಲುವೆಂದರೆ ಅಲ್ಲಿನ ತೀರ್ಪು. ಈ ನಂಬಿಕೆ ಎಷ್ಟು ಸರಿ?

ಪರೀಕ್ಷಿಸಿ ನೋಡಲು ನಾವು ದೂರ ಹೋಗಬೇಕಿಲ್ಲ. ಮೂಡಿಗೆರೆ ತಾಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಜೈನ ಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಯ್ದ ಕತೆ ಅಲ್ಲಿಯದೇ. ಈ ಮಲೆಯಿಂದ ಇಳಿದು ದೋರಸಮುದ್ರದಲ್ಲಿ ನೆಲೆಯೂರಿದ ಆ ವಂಶದ ಕೊನೆಯ ದೊಡ್ಡ ಅರಸ ಮೂರನೇ ಬಲ್ಲಾಳ. 1342ರ ಹೊತ್ತಿಗೆ ಅವನು ಶ್ರೀರಂಗದ ಸಮೀಪದ ಕಣ್ಣನೂರು ಕೊಪ್ಪಂನಲ್ಲಿ ಮಧುರೆಯ ಸುಲ್ತಾನ ಗಿಯಾಸುದ್ದೀನನೊಂದಿಗೆ ಕಾದಾಡಿ ಸೆರೆಸಿಕ್ಕಿದ. ದಕ್ಷಿಣದ ಚರಿತ್ರೆ ಅಲ್ಲಿ ಹೊರಳಿತು. ಕೆಲವೇ ವರ್ಷಗಳಲ್ಲಿ ಹೊಯ್ಸಳರ ಜಾಗಕ್ಕೆ ವಿಜಯನಗರ ಬಂತು.

ಈ ಯುದ್ಧದ ವಿವರವನ್ನು ನಮಗೆ ಉಳಿಸಿಕೊಟ್ಟವನು ಮೊರಕ್ಕೋದ ಪ್ರವಾಸಿ ಇಬ್ನ್ ಬತೂತಾ. ಯುದ್ಧ ಮುಗಿದ ಸ್ವಲ್ಪ ಕಾಲಕ್ಕೆ ಅವನು ಆ ಸೀಮೆಗೆ ಬಂದ. ಬರೀ ಅತಿಥಿಯಾಗಿಯಲ್ಲ. ಅವನು ಸುಲ್ತಾನನ ಷಡ್ಡಕ. ಮಧುರೆಯ ಮೊದಲ ಸುಲ್ತಾನ ಜಲಾಲುದ್ದೀನ್ ಅಹ್ಸನನಿಗೆ ಇಬ್ಬರೂ ಅಳಿಯಂದಿರು.

ಬಲ್ಲಾಳನ ಪಾಳಯದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರಿದ್ದರು, ಅದಲ್ಲದೆ 20,000 ಮುಸ್ಲಿಮರೂ ಇದ್ದರು ಎನ್ನುತ್ತಾನೆ ಅವನು. ಅವರೆಲ್ಲ ಪುಂಡರು, ಅಪರಾಧಿಗಳು, ಒಡೆಯನನ್ನು ಬಿಟ್ಟು ಓಡಿಬಂದ ಗುಲಾಮರು ಎಂದೂ ಸೇರಿಸುತ್ತಾನೆ. (ಗುಲಾಮಗಿರಿಯಿಂದ ಓಡಿ ಬಂದವನನ್ನು ಪುಂಡರ ಸಾಲಿಗೆ ಸೇರಿಸುವುದು ಆ ಕಾಲದ ದೃಷ್ಟಿ. ನಾವು ಅದನ್ನು ಒಪ್ಪಬೇಕಿಲ್ಲ.) ಲೆಕ್ಕ ಹೆಚ್ಚುಕಡಿಮೆ ಇರಬಹುದು. ಆದರೆ ಧರ್ಮ ಧರ್ಮಗಳ ನಡುವಿನ ಯುದ್ಧ ಎಂದು ಇದನ್ನು ಬಣ್ಣಿಸುವವರು ಈ 20,000 ಜನರನ್ನು ಯಾವ ಕಡೆ ನಿಲ್ಲಿಸುತ್ತಾರೆ? ಮಧುರೆಯ ರಾಜ್ಯವಾದರೂ ಹುಟ್ಟಿದ್ದು ದೆಹಲಿಯ ಮುಸ್ಲಿಮ್ ಸುಲ್ತಾನನ ವಿರುದ್ಧ ದಂಗೆಯೆದ್ದು. ಅದಕ್ಕೂ ಹಿಂದೆ, 1311ರಲ್ಲಿ, ಮಲಿಕ್ ಕಾಫೂರನಿಗೆ ಶರಣಾಗಿ ಅವನ ಸೇನೆಗೆ ತಮಿಳುನಾಡಿನ ದಾರಿ ತೋರಿಸಿದವನು ಇದೇ ಬಲ್ಲಾಳ.

ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಕೊಪ್ಪಂನ ಜನರಿಗೆ ಬಲ್ಲಾಳ ಊರು ಬಿಟ್ಟು ಹೋಗಲು ಅಭಯ ಕೊಟ್ಟ. ಸುಲ್ತಾನನನ್ನು ಕೇಳದೆ ಆಗದು ಎಂದಾಗ ಹದಿನಾಲ್ಕು ದಿನಗಳ ಗಡುವನ್ನೂ ಕೊಟ್ಟ. ಅವರ ಪತ್ರವನ್ನು ಮಧುರೆಯಲ್ಲಿ ಶುಕ್ರವಾರ ಜನರ ಮುಂದೆ ಓದಲಾಯಿತು. ಜನ ಅತ್ತರು, ಪ್ರಾಣವನ್ನು ಅಲ್ಲಾಹನಿಗೆ ಒಪ್ಪಿಸಿದೆವೆಂದರು. ಆ ಕಣ್ಣೀರು ನಟನೆಯೆಂದು ಹೇಳುವ ಧೈರ್ಯ ನಮಗಿಲ್ಲ. ತಲೆಯ ಪೇಟ ಬಿಚ್ಚಿ ಕುದುರೆಗಳ ಕೊರಳಿಗೆ ಸುತ್ತಿದರು. ಸಾಯಲೆಂದೇ ಹೊರಟವರ ಗುರುತು ಅದು. ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಎದುರಾಳಿಯ ಕುದುರೆಗಳು ಮೇಯಲು ಹೋಗಿದ್ದವು. ಆರು ಸಾವಿರದ ಸೇನೆ ಮೇಲೆ ಬಿತ್ತು. ಕಳ್ಳರು ಬಂದರೆಂದು ತಿಳಿದು ಅಸ್ತವ್ಯಸ್ತವಾಗಿ ಹೊರಬಂದ ದೊಡ್ಡ ಸೈನ್ಯ ಚದುರಿಹೋಯಿತು.

ಇಲ್ಲಿಗೆ ಕತೆ ನಿಲ್ಲಿಸಿದರೆ ಬದ್ರ್‌ನ ನೆನಪಾಗುವುದು ಸಹಜ. ಅಲ್ಪಸಂಖ್ಯೆ, ಪ್ರಾರ್ಥನೆ, ಗೆಲುವು. ಆದರೆ ಕತೆ ನಿಲ್ಲುವುದಿಲ್ಲ. ಎಂಬತ್ತರ ಮುದುಕ ಬಲ್ಲಾಳನನ್ನು ಹಿಡಿದದ್ದು ಸುಲ್ತಾನನ ಅಣ್ಣ ತಮ್ಮಂದಿರ ಮಗ ನಾಸಿರುದ್ದೀನ್. ಬಿಡುಗಡೆ ಮಾಡುತ್ತೇವೆಂಬ ಆಸೆ ತೋರಿಸಿ ಸುಲ್ತಾನ ಅವನ ಸಂಪತ್ತು, ಆನೆ, ಕುದುರೆಗಳನ್ನೆಲ್ಲ ಕಿತ್ತುಕೊಂಡ. ಬಳಿಕ ಕೊಂದ. ಚರ್ಮ ಸುಲಿಸಿ, ಹುಲ್ಲು ತುಂಬಿಸಿ, ಮಧುರೆಯ ಗೋಡೆಗೆ ನೇತುಹಾಕಿಸಿದ.

ಮಧ್ಯಾಹ್ನದ ದಾಳಿಯನ್ನು ಯುದ್ಧತಂತ್ರವೆಂದು ಬಿಟ್ಟುಬಿಡೋಣ. ಮಾತು ಕೊಟ್ಟು ಕೊಲ್ಲುವುದನ್ನು ಏನೆನ್ನೋಣ? ಶವವನ್ನು ವಿರೂಪಗೊಳಿಸುವುದನ್ನು ಪ್ರವಾದಿ(ಸ) ನಿಷೇಧಿಸಿದ್ದರು. ಸಿರಿಯಾಕ್ಕೆ ಹೊರಟ ಸೇನೆಗೆ ಅಬೂಬಕರ್(ರ) ಮುದುಕರನ್ನೂ ಹೆಂಗಸರನ್ನೂ ಮಕ್ಕಳನ್ನೂ ಮುಟ್ಟಬೇಡಿ ಎಂದಿದ್ದರು. ಕಣ್ಣನೂರಿನಲ್ಲಿ ಕೊಟ್ಟ ಮಾತಿಗೆ ನಿಂತವನು ಸೋತ, ಮಾತು ಮುರಿದವನು ಗೆದ್ದ. ಗೆಲುವನ್ನೇ ದೇವರ ತೀರ್ಪೆನ್ನುವವರು ಈ ತೀರ್ಪಿಗೂ ಸಹಿ ಹಾಕಬೇಕಾಗುತ್ತದೆ.

ಪವಿತ್ರ ಕುರ್‌ಆನ್ ಈ ದಾರಿ ಹಿಡಿಯುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಕ್ರಿ.ಶ. 625ರ ಉಹುದ್‌ನಲ್ಲಿ ಪ್ರವಾದಿಯವರೇ ಗಾಯಗೊಂಡರು, ಹಂಝಾ(ರ) ಹುತಾತ್ಮರಾದರು. ಎದುರಾಳಿಗಳ ಕಡೆ ಸತ್ಯವಿತ್ತೆಂದು ಅದರರ್ಥವೇ? ಜಯಾಪಜಯದ ದಿನಗಳು ಜನರ ನಡುವೆ ಸರದಿಯಂತೆ ತಿರುಗುತ್ತವೆ ಎಂಬ ಅರಿವನ್ನು ಕುರ್‌ಆನ್ ಆಗ ಕೊಟ್ಟಿತು. ಜಾಗ ಬಿಟ್ಟು ಇಳಿದ ಬಿಲ್ಲುಗಾರರ ತಪ್ಪನ್ನೂ ಮುಚ್ಚಿಡಲಿಲ್ಲ. 630ರ ಹುನೈನ್‌ನಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದಿತ್ತು, ಅದರ ಹೆಮ್ಮೆಯೂ ಇತ್ತು. ಆರಂಭದಲ್ಲಿ ಅವರೇ ಓಡಿದರು. ದೈವವಿಧಿಯಲ್ಲಿ ನಂಬಿಕೆ ಇಡುವುದು ಒಂದು, ಅದನ್ನು ಓದಿ ಹೇಳಬಲ್ಲೆವೆಂಬ ಗರ್ವ ಇನ್ನೊಂದು.

ಇಬ್ನ್ ಬತೂತಾನೂ ಗಿಯಾಸುದ್ದೀನನ ವಿಷಯದಲ್ಲಿ ದೈವವಿಧಿಯನ್ನು ಓದಿದ್ದಾನೆ. ಆದರೆ ಗೆಲುವಿನಲ್ಲಲ್ಲ. ಸೆರೆಯಾಳುಗಳನ್ನು, ಅವರ ಹೆಂಡತಿ ಮಕ್ಕಳನ್ನು ಶೂಲಕ್ಕೇರಿಸಿ ಕೊಂದ ಇಂತಹ ಹೇಯ ಕೃತ್ಯವನ್ನು ಬೇರಾವ ರಾಜನಲ್ಲೂ ಕಾಣೆ, ಅದಕ್ಕಾಗಿಯೇ ಅಲ್ಲಾಹನು ಅವನ ಸಾವನ್ನು ಬೇಗ ತಂದ ಎಂಬುದು ಅವನ ಮಾತಿನ ತಾತ್ಪರ್ಯ. ಸ್ವಧರ್ಮದ ಗೆದ್ದ ದೊರೆಯ ಬಗ್ಗೆ, ಅದೂ ನೆಂಟನ ಬಗ್ಗೆ, ಇಷ್ಟು ಬರೆದಿಟ್ಟವರು ಆ ಕಾಲದಲ್ಲಿ ಎಷ್ಟು ಮಂದಿ? ಆದರೆ ಇದನ್ನೂ ನಾವು ಇಡಿಯಾಗಿ ಒಪ್ಪಲಾರೆವು. ಮಧುರೆಗೆ ಆಗ ಪಿಡುಗು ಬಂದಿತ್ತು. ಸುಲ್ತಾನನ ಮಗ, ತಾಯಿ, ಆಮೇಲೆ ಅವನೇ ಸತ್ತರು. ಅದೇ ಪಿಡುಗಿನಲ್ಲಿ ಯಾರನ್ನೂ ಶೂಲಕ್ಕೇರಿಸದ ಊರ ಜನರೂ ಸತ್ತರು.

ಇನ್ನೊಂದು ಕಡೆಯವರ ಓದೂ ಹೀಗೆಯೇ. ಬುಕ್ಕರಾಯನ ಮಗ ಕುಮಾರ ಕಂಪಣ ಮಧುರೆಯನ್ನು ಗೆದ್ದುದನ್ನು ಅವನ ರಾಣಿ ಗಂಗಾದೇವಿ ಸಂಸ್ಕೃತದಲ್ಲಿ ‘ಮಧುರಾವಿಜಯ’ವೆಂಬ ಕಾವ್ಯವಾಗಿಸಿದಳು. ಅಲ್ಲಿ ದೇವತೆಯೇ ಸ್ತ್ರೀರೂಪದಲ್ಲಿ ಬಂದು ಅವನ ಕೈಗೆ ದಿವ್ಯ ಖಡ್ಗ ಕೊಡುತ್ತಾಳೆ. ಹಾಗಾದರೆ 1565ರ ಜನವರಿ 23ರಂದು ತಾಳಿಕೋಟೆ ಯುದ್ಧದಲ್ಲಿ ಆ ಖಡ್ಗ ಎಲ್ಲಿತ್ತು? ಕೇಳಿದರೆ ಎರಡೂ ಕಡೆಯ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ.

ನಮಗೆ ಕಾಣುವಂತೆ, ಆ ಯುದ್ಧದ ನಿಜವಾದ ಆಧ್ಯಾತ್ಮಿಕ ಸಂಘರ್ಷ ನಡೆದದ್ದು ಕಣ್ಣನೂರಿನ ಬಯಲಿನಲ್ಲಲ್ಲ. ಒಂದು ದಿನ ಸುಲ್ತಾನ ಊಟಕ್ಕೆ ಕೂತಿದ್ದ, ಬಲಕ್ಕೆ ಕಾಝಿ, ಎಡಕ್ಕೆ ಇಬ್ನ್ ಬತೂತಾ. ಒಬ್ಬ ಸೆರೆಯಾಳನ್ನು ಹೆಂಡತಿ ಮತ್ತು ಏಳು ವರ್ಷದ ಮಗನೊಂದಿಗೆ ತಂದರು. ಮೂವರ ತಲೆಯನ್ನೂ ಕಡಿಯಲು ಸುಲ್ತಾನ ಹೇಳಿದ. ಇಬ್ನ್ ಬತೂತಾ ಮುಖ ತಿರುಗಿಸಿದ, ಎದ್ದಾಗ ತಲೆಗಳು ನೆಲದಲ್ಲಿದ್ದವು. ದೆಹಲಿಯಲ್ಲಿ ಕಾಝಿಯಾಗಿದ್ದವನು, ಶರೀಅತ್ ಬಲ್ಲವನು. ಏಕೆ ಬಾಯಿ ಬಿಡಲಿಲ್ಲ? ಜೀವಭಯವಿತ್ತು, ಸರಿ. ಇನ್ನೊಂದು ಕಾರಣವೂ ಇತ್ತು. ಮಾಲ್ದೀವ್ಸ್ ದ್ವೀಪಗಳ ಮೇಲೆ ದಂಡು ಕಳಿಸುವಂತೆ ಸುಲ್ತಾನನ ಮನವೊಲಿಸಲು ಬಂದವನು ಅವನು. ಹಡಗು ಕೊಡಬೇಕಾದವನು ಎದುರಿಗೆ ಕೂತಿದ್ದ. ದೇವರ ಶಿಕ್ಷೆಯ ಮಾತು ಲಿಖಿತವಾದದ್ದು 1355ರ ಹೊತ್ತಿಗೆ, ದೂರದ ಮೊರಕ್ಕೋದಲ್ಲಿ, ಸುಲ್ತಾನ ಸತ್ತು ಎಷ್ಟೋ ವರ್ಷಗಳ ಮೇಲೆ.

ಮತ್ತೊಂದು ದಿನ ಇನ್ನೊಬ್ಬ ಸೆರೆಯಾಳನ್ನು ತಂದರು. ಸುಲ್ತಾನ ಏನೋ ಹೇಳಿದ್ದು ಇವನಿಗೆ ಅರ್ಥವಾಗಲಿಲ್ಲ, ಕೊಲೆಗಡುಕರು ಕತ್ತಿ ಹಿರಿದದ್ದು ಕಂಡಿತು. ತಟ್ಟನೆ ಎದ್ದ. ಎಲ್ಲಿಗೆಂದು ಸುಲ್ತಾನ ಕೇಳಿದಾಗ ಅಸರ್ ನಮಾಝ್ ಮಾಡಿ ಬರುತ್ತೇನೆಂದ. ಸುಲ್ತಾನನಿಗೆ ಕಾರಣ ತಿಳಿಯಿತು, ನಕ್ಕ, ಕೈಕಾಲು ಕಡಿಯಲು ಅಪ್ಪಣೆ ಮಾಡಿದ. ಇಬ್ನ್ ಬತೂತಾ ಮರಳಿ ಬಂದಾಗ ಆ ಮನುಷ್ಯ ತನ್ನ ರಕ್ತದಲ್ಲೇ ಹೊರಳುತ್ತಿದ್ದ.