ಇಂದಿನ ಧಮ್ಮ ಚಿಂತನೆ: ಮನೆಯಲ್ಲಿ ಜಾಗ

 

ಈಗ ನಮ್ಮ ಮಕ್ಕಳೂ ಒಂದು ಸೆಮಿಸ್ಟರ್ ಓದಲು ಹೊರದೇಶಕ್ಕೆ ಹೋಗುತ್ತಿದ್ದಾರೆ. ಅಲ್ಲಿನ ಕುಟುಂಬವೊಂದು ತನ್ನ ಮನೆಯಲ್ಲೇ ಕೋಣೆ ಕೊಟ್ಟು, ತಮ್ಮ ಜೊತೆ ಕೂರಿಸಿಕೊಂಡು ಊಟ ಹಾಕುತ್ತದೆ. 'ನೀವು ಯಾವ ಜನ?' ಎಂದು ಕೇಳುವುದಿಲ್ಲ.

ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹೊರದೇಶದಲ್ಲಿ ಕಳೆದ ವರ್ಷಗಳು ತಾವು ಅಸ್ಪೃಶ್ಯರೆಂಬ ಅರಿವನ್ನೇ ಅಳಿಸಿಹಾಕಿದ್ದವು ಎಂದು ಅವರೇ ಬರೆದಿದ್ದಾರೆ. 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಬಂದಾಗ, ದೊಣ್ಣೆ ಹಿಡಿದು ಬಂದವರು ಪಾರ್ಸಿ ವಸತಿಗೃಹದಿಂದ ಅವರನ್ನು ಹೊರಹಾಕಿದರು. ಸ್ನೇಹಿತರ ಬಳಿ ಹೋದರು. ಒಬ್ಬರು, 'ನೀವು ಬಂದರೆ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ' ಎಂದರು. ಇನ್ನೊಬ್ಬರು, 'ಹೆಂಡತಿಯನ್ನು ಕೇಳಬೇಕು' ಎಂದರು. ಇಬ್ಬರೂ ದೊಣ್ಣೆ ಹಿಡಿದವರಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಬಂಧುಗಳೇ, ದೊಣ್ಣೆ ಹಿಡಿದವರನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಆದರೆ ಆ ಸ್ನೇಹಿತರ ನೆಪ ನಮ್ಮ ಬಾಯಲ್ಲೂ ಇಲ್ಲವೇ? ದೀಕ್ಷೆ ಪಡೆದ ಮೇಲೂ ಎಡಗೈ, ಬಲಗೈ ಎಂದು ಲೆಕ್ಕ ಹಾಕುತ್ತೇವೆ. ಹಾಸ್ಟೆಲ್ ಸಿಗದ ಹುಡುಗನಿಗೆ ಒಂದು ತಿಂಗಳು ಜಾಗ ಕೊಡಿ ಎಂದರೆ, ಮೊದಲು ಅವನು ಯಾವ ಕೇರಿಯವನೆಂದು ವಿಚಾರಿಸಿ, ಆಮೇಲೆ 'ಮನೆಯವರನ್ನು ಕೇಳಬೇಕು' ಎನ್ನುತ್ತೇವೆ.

ಬೀದಿ ಗುಡಿಸುತ್ತಿದ್ದ ಸುನೀತನನ್ನು ಭಗವಾನ್ ಬುದ್ಧರು ಸಂಘಕ್ಕೆ ಸೇರಿಸಿಕೊಂಡರು, ಕುಲ ನೋಡಲಿಲ್ಲ. ಇಂದು ಮೈತ್ರಿ ಭಾವನೆ ಮಾಡಿ ಎದ್ದ ಮೇಲೆ, ಊರು ಬಿಟ್ಟು ಓದಲು ಬಂದ ಒಬ್ಬ ವಿದ್ಯಾರ್ಥಿಯನ್ನು ಊಟಕ್ಕೆ ಕರೆಯೋಣ. ಮನೆಯವರೆಲ್ಲ ಅವನ ಜೊತೆಯಲ್ಲೇ ಕೂತು ಉಣ್ಣೋಣ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.