ಕೀ ಹಾದುಹೋಗುವ ಕೋಣೆಗಳು

(ಚಿಕ್ಕಪ್ಪ ದೂರವಾಣಿ ಇಲಾಖೆಯಿಂದ ನಿವೃತ್ತರಾದವರು. ವಸುಧಾ ಕ್ವಾಂಟಂ ಸಂವಹನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ.)

ಚಿಕ್ಕಪ್ಪ: ಬೀಜಿಂಗ್‌ನಿಂದ ಶಾಂಘೈವರೆಗೆ 2,000 ಕಿ.ಮೀ. ಕ್ವಾಂಟಂ ಲೈನ್ 2017ರಲ್ಲೇ ಶುರುವಾಯ್ತಲ್ಲ. ಕದ್ದು ನೋಡಿದರೆ ಗೊತ್ತಾಗಿಬಿಡುತ್ತೆ ಅಂದಮೇಲೆ ದಾರಿಯುದ್ದಕ್ಕೂ 32 ಸ್ಟೇಷನ್ ಯಾಕಮ್ಮ?

ವಸುಧಾ: ಫೈಬರ್‌ನಲ್ಲಿ ಬೆಳಕು ಕ್ಷೀಣಿಸುತ್ತೆ ಚಿಕ್ಕಪ್ಪ. 100 ಕಿ.ಮೀ. ದಾಟೋದು ನೂರು ಫೋಟಾನ್‌ಗಳಲ್ಲಿ ಒಂದು. 500 ಕಿ.ಮೀ. ಅಂದರೆ ಸಾವಿರ ಕೋಟಿಗೆ ಒಂದು.

ಚಿಕ್ಕಪ್ಪ: ನಮ್ಮ ಕಾಲದಲ್ಲೂ ಸಿಗ್ನಲ್ ಬೀಳ್ತಿತ್ತು. ನಡುವೆ ರಿಪೀಟರ್ ಕೂರಿಸ್ತಿದ್ವಿ.

ವಸುಧಾ: ಇಲ್ಲಿ ಅದಾಗಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡೋಕಾಗಲ್ಲ ಅಂತ 1982ರಲ್ಲೇ ಸಾಬೀತಾಗಿದೆ. ಕಳ್ಳನನ್ನು ತಡೆಯೋ ನಿಯಮವೇ ನಮ್ಮನ್ನೂ ತಡೆಯುತ್ತೆ. ಅದಕ್ಕೇ ಪ್ರತಿ ಸ್ಟೇಷನ್‌ನಲ್ಲೂ ಫೋಟಾನ್ ಅಳೆದು ಮುಗಿಸಿ, ಮುಂದಿನವರ ಜೊತೆ ಹೊಸ ಕೀ, ಅಂದರೆ ಸಂದೇಶಕ್ಕೆ ಬೀಗ ಹಾಕೋ ಗುಟ್ಟಿನ ಬಿಟ್‌ಗಳ ಸಾಲು, ಮಾಡಿಕೊಳ್ಳಬೇಕು.

ಚಿಕ್ಕಪ್ಪ: ಅಂದರೆ ಸ್ಟೇಷನ್ ಕೋಣೆಯೊಳಗೆ ಕೀ ಬಯಲಾಗಿರುತ್ತೆ?

ವಸುಧಾ: ಹೌದು. ಎಡಗಡೆಯ ಕೀ 0110, ಬಲಗಡೆಯದು 1010 ಅಂದುಕೊಳ್ಳಿ. ಬಿಟ್‌ಗೆ ಬಿಟ್ ಹೋಲಿಸಿ, ಒಂದೇ ಇದ್ದರೆ 0, ಬೇರೆ ಇದ್ದರೆ 1 ಹಾಕಿ, 1100 ಅಂತ ಸ್ಟೇಷನ್ ಬಹಿರಂಗವಾಗಿ ಹೇಳುತ್ತೆ. ಹೊರಗಿನವರಿಗೆ ಅದರಿಂದ ಕೀ ಸಿಗಲ್ಲ. ಬಲಗಡೆಯವರು ತಮ್ಮ ಕೀ ಜೊತೆ ಅದನ್ನು ಹಾಗೇ ಹೋಲಿಸಿದರೆ 0110 ಬರುತ್ತೆ. ಕೋಣೆಯಲ್ಲಿ ಕೂತವರಿಗೆ ಮಾತ್ರ ಎಲ್ಲಾ ಗೊತ್ತಿರುತ್ತೆ.

ಚಿಕ್ಕಪ್ಪ: ಹಾಗಾದರೆ ಭೌತಶಾಸ್ತ್ರ ಫೈಬರ್ ಕಾಯುತ್ತೆ, ಕೋಣೆ ಕಾಯೋದು ಬೀಗ ಮತ್ತು ವಾಚ್‌ಮ್ಯಾನ್. ಜನಕ್ಕೆ ಇದನ್ನು ಭೇದಿಸೋಕಾಗದ ಜಾಲ ಅನ್ನೋದು ನ್ಯಾಯವಾ?

ವಸುಧಾ: ನ್ಯಾಯ ಅಲ್ಲ. ಹಾಗಂತ ಕಟ್ಟದೇ ಕೂರೋದಾ? ನಕಲು ಮಾಡದೆಯೇ ದೂರ ದಾಟಿಸೋ ಕ್ವಾಂಟಂ ರಿಪೀಟರ್ ಹೇಗಿರಬೇಕು ಅಂತ 1998ರಲ್ಲೇ ಪ್ರಬಂಧ ಬಂತು. ಆದರೂ ಡೆಲ್ಫ್ಟ್ ಮತ್ತು ಹೇಗ್ ನಗರಗಳ ನಡುವೆ 25 ಕಿ.ಮೀ. ಫೈಬರ್ ಮೂಲಕ ಎರಡು ಕ್ಯೂಬಿಟ್‌ಗಳನ್ನು ಒಂದಕ್ಕೊಂದು ಹೆಣೆದ (ಎಂಟ್ಯಾಂಗಲ್ ಮಾಡಿದ) ವರದಿ ಬಂದಿದ್ದು 2024ರಲ್ಲಿ. ಅಂಥ ರಿಪೀಟರ್ ಬರೋತನಕ ಕೀಯನ್ನು ಎರಡು ಪಾಲು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಬಹುದು. ಒಂದು ಕೋಣೆ ಕೆಟ್ಟರೂ ಗುಟ್ಟು ಉಳಿಯುತ್ತೆ.

ಚಿಕ್ಕಪ್ಪ: ಎರಡೂ ದಾರಿಯ ಕೋಣೆಗಳು ಒಬ್ಬರ ಕೈಯಲ್ಲೇ ಇದ್ದರೆ?

ವಸುಧಾ: ಆಗ ಎರಡು ದಾರಿ ಇದ್ದೂ ಪ್ರಯೋಜನವಿಲ್ಲ. ನಕ್ಷೆಯಲ್ಲಿ ದೂರದ ಜೊತೆ ಒಡೆತನವನ್ನೂ ಗುರುತು ಹಾಕಬೇಕು. ಈ ಕೋಣೆಗಳು ಹೇಗೂ ತಾತ್ಕಾಲಿಕ.

ಚಿಕ್ಕಪ್ಪ: ತಾತ್ಕಾಲಿಕ ಅಂತ ಎಳೆದ ಕೇಬಲ್ ನಾನು ರಿಟೈರ್ ಆದಾಗಲೂ ಅಲ್ಲೇ ಇತ್ತು ಕಣಮ್ಮ. ನಮ್ಮ 2023ರ ರಾಷ್ಟ್ರೀಯ ಕ್ವಾಂಟಂ ಮಿಷನ್ ಗುರಿಯೂ 2,000 ಕಿ.ಮೀ. ತಾನೇ? ಕೋಣೆಗಳ ಬೀಗದಕೈ ಯಾರ ಹತ್ತಿರ ಇರುತ್ತೆ ಅನ್ನೋದನ್ನು ಬಳಸೋರಿಗೆ ಮೊದಲೇ ಬರೆದು ಕೊಡಲಿ.