ರೋಡೇನು ನಂದಾ?

ನಮ್ಮದು ಗ್ರಂಧಿಗೆ ಅಂಗಡಿ. ಅಗಲ 8 ಅಡಿ, ಉದ್ದ 14 ಅಡಿ, ಇರುವುದು ಒಂದೇ ಬಾಗಿಲು. ಅಪ್ಪನ ಕಾಲದ ಮರದ ಡಬ್ಬಿಗಳು ಮೂರು ಗೋಡೆಗೂ ತುಂಬಿಕೊಂಡಿವೆ, ಹಿಂದೆ ಒಂದು ಕಿಟಕಿಯೂ ಇಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲವಾಗಿ ಬಾಗಿಲು ತೆಗೆದಾಗ ಬೆಂಗಳೂರಿನ ನಮ್ಮ ಬಡಾವಣೆಯ ಜನವೆಲ್ಲ ಕಷಾಯಕ್ಕೆಂದು ಹಿಪ್ಪಲಿ, ಜ್ಯೇಷ್ಠಮಧು, ಒಣಶುಂಠಿ ಕೇಳಿಕೊಂಡು ಬಂದರು. ಅಂಗಡಿಯಲ್ಲಿ ಒಮ್ಮೆಗೆ ಐದು ಜನ ಮೀರಬಾರದು, ನಡುವೆ ಆರಡಿ ಅಂತರ ಇರಬೇಕು ಎಂದು ಸರ್ಕಾರದ ನಿಯಮ. 8 ಅಡಿ ಅಂಗಡಿಯಲ್ಲಿ ಆರಡಿ ಅಂತರ ಎಲ್ಲಿಂದ ತರುವುದು? ತಕ್ಕಡಿ, ಗಲ್ಲಾಪೆಟ್ಟಿಗೆ, ಒಂದು ಬೆಂಚು ಎತ್ತಿ ಹೊರಗಿಟ್ಟೆ. ಗಿರಾಕಿಗಳು ಬಯಲಲ್ಲಿ ನಿಂತರು. ನನಗೂ ಉಸಿರು ಬಂದಂತಾಯಿತು.

ಎರಡು ವಾರ ಕಳೆದು ಹೂವಿನ ಹೆಂಗಸು ಊರಿಂದ ವಾಪಸು ಬಂದಳು. ಇಪ್ಪತ್ತು ವರ್ಷದಿಂದ ನಮ್ಮ ಅಂಗಡಿಯ ಎಡಕ್ಕೆ, ಹೊಂಗೆ ಮರದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವಳು. ಅವಳ ಜಾಗದಲ್ಲಿ ಈಗ ನನ್ನ ಬೆಂಚಿತ್ತು. ಒಂದು ಗಳಿಗೆ ನಿಂತು ನೋಡಿದಳು. ನಾನು ಏನೋ ಸಮಜಾಯಿಷಿ ಹೇಳಹೊರಟೆ. "ಇರ್ಲಿ ಬಿಡಿ ಸ್ವಾಮಿ, ರೋಡೇನು ನಂದಾ?" ಎಂದು ಆಚೆ ಬದಿಗೆ, ಮೋರಿಯ ಪಕ್ಕಕ್ಕೆ, ಬಿಸಿಲಿಗೆ ಹೋಗಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಕಾಕಡ ಬಾಡಿ ಹಳದಿಗೆ ತಿರುಗಿತ್ತು. ಒದ್ದೆ ಗೋಣಿ ಹೊದಿಸಿ ಹೊದಿಸಿ ನೀರು ಚಿಮುಕಿಸುತ್ತಿದ್ದಳು.

ರಸ್ತೆ ಅವಳದಲ್ಲ, ಸರಿ. ಹಾಗಾದರೆ ನನ್ನದೇ? ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಕಾನೂನು ಕೊಟ್ಟ ಉತ್ತರ ಧರ್ಮಕ್ಕೆ ಬಹಳ ಹತ್ತಿರದ್ದು. 1989ರಲ್ಲಿ ದೆಹಲಿಯ ಬೀದಿ ವ್ಯಾಪಾರಿಗಳ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬೀದಿ ವ್ಯಾಪಾರವೂ ಮೂಲಭೂತ ಹಕ್ಕೇ, ಆದರೆ ಇಂಥದೇ ಜಾಗ ನನ್ನದು ಎನ್ನುವ ಹಕ್ಕು ಯಾರಿಗೂ ಇಲ್ಲ ಎಂದಿತು. ಬೀದಿ ಸರ್ಕಾರದ ಹೆಸರಿನಲ್ಲಿದ್ದರೂ, ಜನರ ಪರವಾಗಿ ಸರ್ಕಾರ ಅದರ ಟ್ರಸ್ಟಿ ಮಾತ್ರ. ಈ ಟ್ರಸ್ಟಿ ಎಂಬುದಕ್ಕೆ ನಮ್ಮಲ್ಲಿ ಧರ್ಮದರ್ಶಿ ಎಂಬ ಮಾತಿದೆ. ದೇವಸ್ಥಾನದ ಧರ್ಮದರ್ಶಿ ಹುಂಡಿಯ ಹಣಕ್ಕೆ ಒಡೆಯನಲ್ಲ, ಅದನ್ನು ಕಾಯುವವನು. ನಗರವೂ ಬೀದಿಗೆ ಅಷ್ಟೇ. ರೋಗದ ಕಾಲದಲ್ಲಿ ನಗರ ಬೀದಿಯನ್ನು ವ್ಯಾಪಾರಕ್ಕೆ ಬಿಟ್ಟುಕೊಟ್ಟರೆ ಅದು ದಾನವಲ್ಲ. ನಮ್ಮದನ್ನೇ ನಮಗೆ ಹಿಂದಿರುಗಿಸಿದಂತೆ.

ಆದರೆ ನಾನು ಬೆಂಚು ಹೊರಗಿಟ್ಟ ಅದೇ ತಿಂಗಳು ಪರಿಶೀಲನೆಗೆ ಬಂದವರೊಬ್ಬರು ನನ್ನ ಬೆಂಚನ್ನು ಒತ್ತುವರಿ ಎಂದರು, ದಂಡ ಹಾಕಿದರು. ಎದುರಿಗೆ ಒಂದು ಕಾರು ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತದೆ. ಹೆಚ್ಚುಕಡಿಮೆ ನನ್ನ ಅಂಗಡಿಯಷ್ಟೇ ಜಾಗ ಅದಕ್ಕೂ ಬೇಕು. ಅದನ್ನು ಮಾತ್ರ ಈವರೆಗೆ ಯಾರೂ ಒತ್ತುವರಿ ಎಂದಿಲ್ಲ. ಹಳೆಯ ಪೇಟೆ ಅಂಗಡಿಗಳಿಗೆ ಜಗಲಿ ಇರುತ್ತಿತ್ತು. ವ್ಯಾಪಾರಿ ಜಗಲಿಯ ಮೇಲೆ ಕೂರುತ್ತಿದ್ದ, ಗಿರಾಕಿ ಬೀದಿಯಲ್ಲಿ ನಿಂತು ಕೊಳ್ಳುತ್ತಿದ್ದ. ಜಗಲಿ ಪೂರ್ತಿ ಮನೆಯದೂ ಅಲ್ಲ, ಪೂರ್ತಿ ಬೀದಿಯದೂ ಅಲ್ಲ. ದಾರಿಹೋಕನೂ ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದಿತ್ತು. ರೋಲಿಂಗ್ ಶಟರ್ ಬಂತು, ನಾವು ಒಳಗೆ ಸರಿದೆವು, ಬಯಲು ವಾಹನಗಳ ಪಾಲಾಯಿತು.

ನಾವು ಬಸವಾದಿ ಶರಣರನ್ನು ನಂಬಿದ ಮನೆಯವರು. ನಮ್ಮಲ್ಲಿ ಬಯಲು ಎಂದರೆ ಬರಿದಾದ ಜಾಗವಷ್ಟೇ ಅಲ್ಲ, ಅದು ಯಾರ ಹಿಡಿತಕ್ಕೂ ಸಿಗದ ನಿಲುವು. ಉಸಿರಿನಿಂದ ಹರಡುವ ರೋಗ ಬಂದಾಗ ಆ ಬಯಲಿಗೇ ನಾವು ಓಡಿಬರಬೇಕಾಯಿತು.

ಬೇರೆ ಊರುಗಳು ಇದನ್ನು ಬೇಗ ಅರಿತವು. ಲಿಥುವೇನಿಯಾದ ವಿಲ್ನಿಯಸ್ ನಗರ 2020ರ ಏಪ್ರಿಲ್‌ನಲ್ಲೇ ತನ್ನ ಚೌಕಗಳನ್ನು ಹೋಟೆಲುಗಳ ಮೇಜು ಕುರ್ಚಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿತು. ನ್ಯೂಯಾರ್ಕಿನಲ್ಲಿ ಕಾರು ನಿಲ್ಲುತ್ತಿದ್ದ ರಸ್ತೆಯಂಚಿನಲ್ಲಿ ಊಟದ ಮೇಜುಗಳು ಬಂದವು. ನಮ್ಮಲ್ಲೂ 2020ರ ನವೆಂಬರ್ 7ರಿಂದ ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟಿಗೆ ವಾಹನ ಬಿಡಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ನಡುರಸ್ತೆಯಲ್ಲಿ ನನ್ನ ಕೈ ಬಿಡಿಸಿಕೊಂಡು ಓಡಿದಳು. ಮತ್ತೆ ಲಾಕ್‌ಡೌನ್ ಬಂದಾಗ, 2021ರ ಮೇ ಮೊದಲ ವಾರದಲ್ಲಿ ಸರ್ಕಾರ ನಮ್ಮಂಥ ಅಂಗಡಿಗಳಿಗೆ ಮಧ್ಯಾಹ್ನ 12ರವರೆಗೆ ಮಾತ್ರ ಅನುಮತಿ ಕೊಟ್ಟು, ತರಕಾರಿ ಹಣ್ಣಿನ ತಳ್ಳುಗಾಡಿಗಳಿಗೆ ಸಂಜೆ 6ರವರೆಗೆ ಕೊಟ್ಟಿತು. ಅಂದು ನನಗೆ ಸಂಕಟವಾಯಿತು. ಇಂದು ಯೋಚಿಸಿದರೆ ಆ ಆದೇಶ ಸರಿ ಎನಿಸುತ್ತದೆ. ಜನರ ಮನೆ ಬಾಗಿಲಿಗೆ, ಬಯಲಲ್ಲೇ, ಒಂಟಿಯಾಗಿ ಬರುವ ವ್ಯಾಪಾರಿಗಿಂತ ಕ್ಷೇಮವಾದ ವ್ಯಾಪಾರಿ ಯಾರು?

ಇಷ್ಟಾದರೂ ನನ್ನ ಬೆಂಚಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಬಯಲನ್ನು ಹಂಚುವಾಗ ಬಾಗಿಲಿದ್ದವನ ಕೈ ಬೇಗ ಚಾಚುತ್ತದೆ. ಪರವಾನಗಿ, ಜಿಎಸ್‌ಟಿ ನಂಬರು, ನಾಮಫಲಕ, ಎಲ್ಲ ಇರುವುದು ನಮ್ಮ ಬಳಿ. ಬುಟ್ಟಿಯವಳ ಬಳಿ ಇದ್ದದ್ದು ಇಪ್ಪತ್ತು ವರ್ಷದ ರೂಢಿ ಮಾತ್ರ. ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಅಮ್ಮ ನಮಗೆ ಎಷ್ಟೋ ಸಲ ಹೇಳಿದ್ದಳು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಲಕ್ಕಮ್ಮನ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ನೆಲದಲ್ಲಿ ಬಿದ್ದಿದ್ದದ್ದು. ಆದರೂ ಅಂದಿನ ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ಇನ್ನೊಬ್ಬರ ಪಾಲು ಎಂಬುದು ಅವಳ ಲೆಕ್ಕ. ಬೀದಿಯೂ ನೆಲದಲ್ಲಿ ಚೆಲ್ಲಿದ ಅಕ್ಕಿಯ ಹಾಗೇ. ನನ್ನ ತಕ್ಕಡಿಗೆ ಬೇಕಾದದ್ದು ಮೂರಡಿ. ನಾನು ಹರಡಿಕೊಂಡಿದ್ದು ಎಂಟಡಿ.

ಬೆಂಚನ್ನು ಕುಯ್ಯಿಸಿ ಗಿಡ್ಡ ಮಾಡಿಸಿದೆ, ಬಾಗಿಲಿಗೆ ಒತ್ತಿ ಹಾಕಿದೆ. ಹೂವಿನವಳನ್ನು ನಾನೇ ಹೋಗಿ ಕರೆದೆ. ಅವಳು ಬರಲು ನಾಲ್ಕು ದಿನ ಹಿಡಿಯಿತು.

ಒಬ್ಬ ಅಂಗಡಿಯವನ ಮನಸ್ಸು ಕರಗಿತೆಂದು ಊರು ನಡೆಯುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದ್ದೇ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ; ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಊರನ್ನು ಆಳುವವರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ರೋಗ ಬರುವ ಮೊದಲೇ ಬೀದಿಯಲ್ಲಿ ಗೆರೆ ಎಳೆದಿಡಿ. ನಡೆಯುವವರಿಗೆ ಇಷ್ಟು, ಬುಟ್ಟಿ ಗಾಡಿಗೆ ಇಷ್ಟು, ಅಂಗಡಿಯವರ ಬೆಂಚಿಗೆ ಇಷ್ಟು ಎಂದು ಬರೆದುಬಿಡಿ. ಮೊದಲ ಜಾಗ ಬಾಗಿಲಿಲ್ಲದವರಿಗೆ, ನೆರಳಿರುವ ಕಡೆ ಕೊಡಿ. ರೋಗದ ಕಾಲದಲ್ಲಿ ಕಾರುಗಳು ನಾಲ್ಕು ತಿಂಗಳು ಬೇರೆಡೆ ನಿಲ್ಲಲಿ.

ಅಂಗಡಿ ಇಟ್ಟುಕೊಂಡ ಅಣ್ಣತಮ್ಮಂದಿರಿಗೂ ಒಂದು ಮಾತು. ಬೆಂಚು ಹೊರಗಿಡುವ ಮುನ್ನ ಅಲ್ಲಿ ಯಾರು ಕೂರುತ್ತಿದ್ದರು ನೆನಪಿಸಿಕೊಳ್ಳಿ. ಅವರು ಊರಿಗೆ ಹೋಗಿದ್ದರೆ ಬರುವವರೆಗೆ ಆ ಜಾಗ ಹಾಗೇ ಬಿಡಿ.